ಕೆಂಪು ದೀಪ ಕಳ್ಳನಿಗೆ, ಹಳದಿ ದೀಪ ಆನೆಗೆ: ರೆಕಾರ್ಡರ್‌ಗೆ ನಾನೇ ಕಟ್ಟಿದ ಅಲಾರಂ

ಕ್ಯಾಮೆರಾ ರೆಕಾರ್ಡರ್‌ನ ಹಿಂದೆ ಒಂದು ಹಸಿರು ಟರ್ಮಿನಲ್ ಪಟ್ಟಿ ಇರುತ್ತದಲ್ಲ, ಅಲಾರಂ ಇನ್ (ಹೊರಗಿನ ಸ್ವಿಚ್‌ನ ಸುದ್ದಿ ಒಳಗೆ ಬರುವುದು), ಅಲಾರಂ ಔಟ್ (ರೆಕಾರ್ಡರ್ ಹೊರಗಿನ ದೀಪ, ಗಂಟೆ ನಡೆಸುವುದು) ಅಂತ ಗುರುತು ಹಾಕಿದ್ದು. ನಮ್ಮ ಕೊಡಗಿನಲ್ಲಿ ಕ್ಯಾಮೆರಾ ಹಾಕುವವರಲ್ಲಿ ಹೆಚ್ಚಿನವರು ಅದಕ್ಕೆ ಟೆಸ್ಟರ್ ಕೂಡ ತಾಗಿಸುವುದಿಲ್ಲ. ಸಿದ್ದಾಪುರ–ಅಮ್ಮತ್ತಿ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಅದೇ ಟರ್ಮಿನಲ್‌ನಿಂದ ಲೈನ್ ಮನೆಯವರೆಗೆ (ತೋಟದ ಕೆಲಸದವರು ಇರುವ ಸಾಲುಮನೆ) ವೈರ್ ಎಳೆದು ಎರಡು ದೀಪ ಕೂರಿಸಿದ್ದೇನೆ. ಒಂದು ಮಳೆಗಾಲ ಮತ್ತು ಒಂದು ಪೂರ್ತಿ ಕೊಯ್ಲು ದಾಟಿತು, ಇವತ್ತಿಗೂ ಸರಿಯಾಗಿ ನಡೆಯುತ್ತಿದೆ. "ರೆಕಾರ್ಡರ್ ಸುಟ್ಟು ಹೋಗುತ್ತೆ", "ರಾತ್ರಿಯಿಡೀ ಸುಮ್ನೆ ಬಡ್ಕೊಳ್ಳುತ್ತೆ" ಅಂದವರು ಬಹಳ ಜನ. ಅವರಲ್ಲಿ ಒಬ್ಬರು ಈಚೆಗೆ ಬಂದು ಪೆಟ್ಟಿಗೆಯ ಫೋಟೋ ತೆಗೆದುಕೊಂಡು ಹೋದರು.

2024ರಲ್ಲಿ ರೋಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬೆಲೆ 50 ಕೆಜಿ ಚೀಲಕ್ಕೆ 10 ಸಾವಿರ ದಾಟಿತಲ್ಲ, ಅಲ್ಲಿಂದ ಕಣದಲ್ಲಿ ಒಣಗುವ ಕಾಫಿಯ ಬಗ್ಗೆ ಎಲ್ಲರಿಗೂ ಚಿಂತೆ ಶುರುವಾಯಿತು. ಈ ತೋಟದಲ್ಲೂ ಕ್ಯಾಮೆರಾ ಮೊದಲೇ ಇತ್ತು. ಆದರೆ ಕ್ಯಾಮೆರಾ ಏನು ಮಾಡುತ್ತದೆ? ಚೀಲ ಹೋದ ಮೇಲೆ, ಹೋದದ್ದನ್ನು ಬೆಳಿಗ್ಗೆ ತೋರಿಸುತ್ತದೆ. ಮೊಬೈಲ್‌ಗೆ ನೋಟಿಫಿಕೇಶನ್ ಬರುತ್ತದೆ ಅನ್ನುವುದು ಪೇಟೆಯ ಮಾತು. ತೋಟದ ಯಜಮಾನರು ಇರುವುದು ವಿರಾಜಪೇಟೆಯಲ್ಲಿ. ವಾಚ್‌ಮನ್ ಹತ್ತಿರ ಇರುವುದು ಬಟನ್ ಫೋನ್. ಗಾಳಿ ಮಳೆಗೆ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ. ಬಂದ ನೋಟಿಫಿಕೇಶನ್ ಎಷ್ಟೋ ಸಲ ಮರುದಿನ ಕಾಫಿ ಕುಡಿಯುವ ಹೊತ್ತಿಗೆ ಒಟ್ಟಿಗೆ ಸುರಿಯುತ್ತದೆ. ಕಾವಲು ಕಾಯುವವನ ತಲೆಯ ಹತ್ತಿರ, ಇಂಟರ್ನೆಟ್ ಇಲ್ಲದೆ ಹತ್ತುವ ಒಂದು ದೀಪ ಬೇಕು. ನನ್ನ ಲೆಕ್ಕ ಇಷ್ಟೇ ಇತ್ತು.

ಮೊದಲು ಹಣ ತಿಂದದ್ದು ಸೈರನ್. ಆಫೀಸಿನಿಂದ ಲೈನ್ ಮನೆಗೆ ಕೇಬಲ್ ದಾರಿ ಸುಮಾರು 120 ಮೀಟರ್. ಉಳಿದಿದ್ದ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು, ಒಂದು ಜೋಡಿಯಲ್ಲಿ 12 ವೋಲ್ಟ್ ಕಳಿಸಿ, ತುದಿಗೆ ಅರ್ಧ ಆಂಪಿಯರ್ ಎಳೆಯುವ ಸೈರನ್ ಹಾಕಿದ್ದೆವು. ಸೈರನ್ ಕೂಗಲಿಲ್ಲ, ಸುಮ್ಮನೆ ಗೊರಗುಟ್ಟಿತು. ಮೀಟರ್ ಹಿಡಿದರೆ ತುದಿಯಲ್ಲಿ 6 ವೋಲ್ಟ್ ಆಸುಪಾಸು. ಹೋಗಿ ಬರುವ ಎರಡೂ ವೈರ್ ಸೇರಿ ಹೆಚ್ಚುಕಡಿಮೆ 20 ಓಮ್, ಅರ್ಧ ವೋಲ್ಟೇಜ್ ದಾರಿಯಲ್ಲೇ ಮುಗಿದಿತ್ತು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಆಗಿದ್ದರೆ ಇನ್ನೂ ಕಡೆ. ದೊಡ್ಡ ಅಡಾಪ್ಟರ್ ತಂದು, ಇನ್ನೊಂದು ಜೋಡಿ ಸೇರಿಸಿ ಕೂಗಿಸಿದ್ದಾಯಿತು. ಆಮೇಲೆ ಸೈರನ್ ಕೂಗಿದಾಗೆಲ್ಲ ಕ್ಯಾಮೆರಾ ಚಿತ್ರದಲ್ಲಿ ಗೆರೆ ಓಡತೊಡಗಿತು, ಯಾಕೆಂದರೆ ಎರಡಕ್ಕೂ ಒಂದೇ ಪವರ್ ಸಪ್ಲೈ. ಎರಡು ಸೈರನ್, ಅಡಾಪ್ಟರ್, ಕೇಬಲ್, ಓಡಾಟದ ಪೆಟ್ರೋಲ್ ಎಲ್ಲ ಸೇರಿ ನಾಲ್ಕೈದು ಸಾವಿರ ಹೋಯಿತು. ಇದೇ ಹೊತ್ತಿಗೆ ಒಬ್ಬರು ಸಿಮ್ ಹಾಕುವ ರೆಡಿಮೇಡ್ ಪ್ಯಾನೆಲ್‌ಗೆ 10 ಸಾವಿರದ ಹತ್ತಿರ ಕೊಟೇಶನ್ ಕೊಟ್ಟರು. ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಸಿಮ್ ಪ್ಯಾನೆಲ್! ಯಜಮಾನರು ನನ್ನ ಮುಖ ನೋಡಿದರು. "ಸಾರ್, ಒಂದು ತಿಂಗಳು ಟೈಮ್ ಕೊಡಿ" ಅಂದೆ.

ಎರಡನೇ ಸುತ್ತಿನಲ್ಲಿ ಲೆಕ್ಕ ತಿರುಗಿಸಿದೆ. ಉದ್ದ ಕೇಬಲ್‌ನಲ್ಲಿ ಪವರ್ ಕಳಿಸುವುದೇ ಬೇಡ, ಬರೀ ಸುದ್ದಿ ಹೋದರೆ ಸಾಕು. ಲೈನ್ ಮನೆಯಲ್ಲೇ ಹಳೆ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಮತ್ತು ಚಾರ್ಜರ್ ಇಟ್ಟೆ. ಆಫೀಸಿನಲ್ಲಿ ರೆಕಾರ್ಡರ್‌ನ ಎನ್ಒ ಮತ್ತು ಸಿ ಟರ್ಮಿನಲ್ (ಸುಮ್ಮನಿದ್ದಾಗ ಬಿಟ್ಟಿರುವ, ಅಲಾರಂ ಬಂದಾಗ ಕೂಡುವ ಜೋಡಿ) ನಡೆಸುವುದು ಒಂದು ಸಣ್ಣ ರಿಲೇಯನ್ನು ಮಾತ್ರ, ಅಂದರೆ ಕರೆಂಟ್ ಕೊಟ್ಟರೆ ತಾನೇ ಎಳೆಯುವ ಸ್ವಿಚ್. ಆ ರಿಲೇಯ ಕಾಂಟ್ಯಾಕ್ಟ್ ಹೊರಗಿನ ಜೋಡಿಯನ್ನು ಮುಚ್ಚುತ್ತದೆ. ಲೈನ್ ಮನೆ ಬ್ಯಾಟರಿಯ ಪ್ಲಸ್ ಒಂದು ವೈರ್‌ನಲ್ಲಿ ಆಫೀಸಿಗೆ ಬಂದು, ಕಾಂಟ್ಯಾಕ್ಟ್ ದಾಟಿ, ಇನ್ನೊಂದು ವೈರ್‌ನಲ್ಲಿ ವಾಪಸ್ ಹೋಗಿ ಅಲ್ಲಿನ 8 ಪಿನ್ ರಿಲೇ ಎಳೆಯುತ್ತದೆ. ಅದರ ಕಾಯಿಲ್‌ಗೆ (ಸ್ವಿಚ್ ಎಳೆಯುವ ತಂತಿ ಸುರುಳಿ) ಬೇಕಾದದ್ದು 75 ಮಿಲಿ ಆಂಪಿಯರ್ ಹತ್ತಿರ. ದಾರಿಯಲ್ಲಿ ಒಂದೂವರೆ ವೋಲ್ಟ್ ಹೋದರೂ ಟಕ್ ಅಂತ ಎಳೆಯುತ್ತದೆ.

ಇದರಲ್ಲಿ ಇನ್ನೂ ದೊಡ್ಡ ಲಾಭ ಸಿಡಿಲಿನದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ನಮ್ಮಲ್ಲಿ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಹೊರಗೆ ಓಡುವ ಕೇಬಲ್ ರೆಕಾರ್ಡರ್‌ಗೆ ಎಲ್ಲೂ ತಾಗಿಲ್ಲ, ನಡುವೆ ರಿಲೇ ಇದೆ. ಒಂದು ಸಂಜೆಯ ಸಿಡಿಲಿಗೆ ಲೈನ್ ಮನೆಯ ಬಜರ್ ಮತ್ತು ಆಫೀಸಿನ ಚಿಕ್ಕ ರಿಲೇ ಎರಡೂ ಹೋದವು. ರೆಕಾರ್ಡರ್‌ಗೆ ಏನೂ ಆಗಲಿಲ್ಲ. ನೂರೈವತ್ತು ರೂಪಾಯಿಯ ಸಾಮಾನು ಬದಲಾಯಿಸಿದೆ, ಮುಗಿಯಿತು. ಸುಟ್ಟು ಹೋಗುತ್ತೆ ಅಂದವರಿಗೆ ನಾನು ತೋರಿಸುವುದು ಆ ಕಪ್ಪಾದ ರಿಲೇಯನ್ನೇ. ಇಟ್ಟುಕೊಂಡಿದ್ದೇನೆ.

ದೀಪ ಹತ್ತಿ ಆರಿಹೋದರೆ ಪ್ರಯೋಜನವಿಲ್ಲ. ರೆಕಾರ್ಡರ್‌ನಲ್ಲಿ ಔಟ್‌ಪುಟ್ ಹೊತ್ತು 30 ಸೆಕೆಂಡ್ ಇಟ್ಟಿದ್ದೇನೆ. ಆ ಹೊತ್ತಿನಲ್ಲಿ ವಾಚ್‌ಮನ್ ಬೆನ್ನು ಹಾಕಿ ಬೀಡಿ ಹಚ್ಚುತ್ತಿದ್ದರೆ? ಅದಕ್ಕೆ 8 ಪಿನ್ ರಿಲೇಯ ಒಂದು ಕಾಂಟ್ಯಾಕ್ಟ್‌ನಿಂದ ಅದರ ಕಾಯಿಲನ್ನೇ ಹಿಡಿದು ನಿಲ್ಲಿಸಿದೆ, ಇನ್ನೊಂದರಿಂದ ದೀಪ. ಕಾಯಿಲ್‌ಗೆ ಸೀರೀಸ್‌ನಲ್ಲಿ ಒಂದು ಎನ್‌ಸಿ ಪುಶ್ ಬಟನ್, ಅಂದರೆ ಸುಮ್ಮನಿದ್ದಾಗ ಕೂಡಿದ್ದು ಒತ್ತಿದರೆ ಬಿಡುವಂಥದ್ದು. ಅವನು ಎದ್ದು ಬಂದು ಒತ್ತುವವರೆಗೆ ದೀಪ ಆರುವುದಿಲ್ಲ. ಬಜರ್ ಮಾತ್ರ 30 ಸೆಕೆಂಡ್ ಕೂಗಿ ನಿಲ್ಲಬೇಕು. ಅದಕ್ಕೆ ಲೈನ್‌ನಿಂದ ಬರುವ ವೈರ್ ಮತ್ತು ಕಾಯಿಲ್ ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್ 4007 ಡಯೋಡ್ ಕೂರಿಸಿ, ಬಜರ್ ಅನ್ನು ಡಯೋಡ್‌ಗಿಂತ ಮುಂಚೆ ಹಿಡಿದರೆ ಆಯಿತು. ಹಿಡಿದು ನಿಲ್ಲಿಸುವ ಕರೆಂಟ್ ಹಿಂದಕ್ಕೆ ಹರಿದು ಬಜರ್ ಮುಟ್ಟುವುದಿಲ್ಲ. ಎರಡು ರೂಪಾಯಿಯ ಡಯೋಡ್, ಆದರೆ ಇಡೀ ಪೆಟ್ಟಿಗೆಯಲ್ಲಿ ನನಗೆ ಹೆಮ್ಮೆ ಇರುವುದು ಅದರ ಮೇಲೆ. ರಿಲೇ ಬಿಡುವಾಗ ಬರುವ ವೋಲ್ಟೇಜ್ ಹೊಡೆತ ತಡೆಯಲು ಕಾಯಿಲ್‌ಗೆ ಅಡ್ಡಲಾಗಿ ಹಾಕುವ ಡಯೋಡ್ ಬೇರೆ.

ಇನ್ನು ಸುಳ್ಳು ಅಲಾರಂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾದಾ ಮೋಷನ್ (ಚಿತ್ರದಲ್ಲಿ ಏನು ಅಲುಗಾಡಿದರೂ ಹಿಡಿಯುವುದು) ಇಟ್ಟರೆ ಕಥೆ ಮುಗಿಯಿತು. ಕ್ಯಾಮೆರಾ ಕತ್ತಲಲ್ಲಿ ನೋಡಲು ಬಳಸುವ ಐಆರ್ (ಇನ್‌ಫ್ರಾರೆಡ್) ಬೆಳಕಿನಲ್ಲಿ ಮಳೆ ಹನಿ ಬಿಳಿ ಕೋಲಿನ ಹಾಗೆ ಓಡುತ್ತದೆ, ಮಂಜು ಅಲೆಯುತ್ತದೆ, ಬೆಳಕಿಗೆ ಬರುವ ಹುಳ ಹಿಡಿಯಲು ಜೇಡ ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ಕ್ಯಾಮೆರಾದ ಐಆರ್ ಆರಿಸಿ, ಬೇರೆ ಐಆರ್ ಲೈಟ್ ಒಂದನ್ನು ಎರಡು ಮೂರು ಮೀಟರ್ ದೂರದ ಕಂಬಕ್ಕೆ ಹಾಕಿದೆ. ಹುಳ ಅಲ್ಲಿಗೆ ಹೋದವು, ಜೇಡವೂ ಹೋಯಿತು. ಕಣದ ಕ್ಯಾಮೆರಾಗಳಿಗೆ ಮನುಷ್ಯರನ್ನು ಮಾತ್ರ ಹಿಡಿಯುವ ಫಿಲ್ಟರ್ ಹಾಕಿ, ಚಿತ್ರದ ಮೇಲೆ ಎಳೆದ ಗೆರೆ ದಾಟಿದರೆ ಮಾತ್ರ ಔಟ್‌ಪುಟ್, ಅದೂ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ. ರಾತ್ರಿಗೆ ಹತ್ತಾರು ಸಲ ಕೂಗುತ್ತಿದ್ದದ್ದು ವಾರಕ್ಕೆ ಒಂದೆರಡಕ್ಕೆ ಇಳಿಯಿತು. ಲೆನ್ಸ್ ಸುತ್ತ ನಾನು ಬಳಿಯುವ ಮಿಶ್ರಣ ಯಾವುದು, ಗೆರೆಯನ್ನು ಯಾವ ಓರೆಯಲ್ಲಿ ಎಳೆಯುತ್ತೇನೆ, ಇವೆರಡನ್ನು ಬರೆಯುವುದಿಲ್ಲ. ಹೊಟ್ಟೆಪಾಡು, ಬೇಜಾರು ಮಾಡ್ಕೋಬೇಡಿ.

ಆದರೆ ಆ ಫಿಲ್ಟರ್‌ಗೆ ಆನೆ ಕಾಣುವುದಿಲ್ಲ! ಅದಕ್ಕೆ ಗೊತ್ತಿರುವುದು ಮನುಷ್ಯ ಮತ್ತು ವಾಹನ. ಹಲಸು ಹಣ್ಣಾಗುವ ಕಾಲಕ್ಕೆ ಈ ಭಾಗದ ತೋಟಗಳಿಗೆ ಆನೆ ಬರುವುದು ಹೊಸದೇನಲ್ಲ. ಕತ್ತಲಲ್ಲಿ ಅಲಾರಂ ಕೇಳಿ ಟಾರ್ಚ್ ಹಿಡಿದು ಹೊರಗೆ ಬಂದವನ ಎದುರು ಕಳ್ಳನ ಬದಲು ಸಲಗ ನಿಂತಿದ್ದರೆ ಗತಿ ಏನು? ಈ ಪ್ರಶ್ನೆ ಕೇಳಿದ್ದು ವಾಚ್‌ಮನ್. "ಅಣ್ಣಾ, ಯಾರು ಬಂದದ್ದು ಅಂತ ನಿಮ್ಮ ದೀಪ ಹೇಳ್ತದಾ?" ಅಂದ. ಅವನು ಕೇಳಿದ್ದು ನ್ಯಾಯವೇ ಅಲ್ವಾ?

ಆಗಲೇ ಎರಡನೇ ದೀಪ ಬಂದದ್ದು. ಈ ತೋಟದ್ದು 16 ಚಾನೆಲ್ ರೆಕಾರ್ಡರ್, ಹಿಂದೆ 4 ಅಲಾರಂ ಔಟ್ ಇವೆ. ಆನೆ ಬರುವ ಬೇಲಿಯ ಕಂಡಿಗೆ ಒಂದು ಕ್ಯಾಮೆರಾ ಬೇರೆಯೇ ಬಿಟ್ಟೆ. ಅದಕ್ಕೆ ಸಾದಾ ಮೋಷನ್, ಜಾಗ ಬಹಳ ಕಿರಿದು, ವಸ್ತು ಆ ಜಾಗದ ಹೆಚ್ಚು ಭಾಗ ತುಂಬಿದರೆ ಮಾತ್ರ ಹಿಡಿಯಬೇಕು. ನಾಯಿ, ಹಂದಿ ಹೋದರೆ ಸುಮ್ಮನಿರುತ್ತದೆ. ಅದರ ಔಟ್‌ಪುಟ್ ಎರಡನೆಯ ಜೋಡಿಯಲ್ಲಿ ಹೋಗಿ ಹಳದಿ ದೀಪ ಹಚ್ಚುತ್ತದೆ. ವಾಚ್‌ಮನ್‌ಗೆ ಹೇಳಿದ್ದು ಇಷ್ಟು: ಕೆಂಪು ಹತ್ತಿದರೆ ರೈಟರ್‌ಗೆ (ತೋಟದ ಲೆಕ್ಕ ಬರೆಯುವವರು) ಫೋನ್ ಮಾಡಿ, ಇಬ್ಬರನ್ನು ಎಬ್ಬಿಸಿಕೊಂಡು ಹೊರಡು. ಹಳದಿ ಹತ್ತಿದರೆ ಬಾಗಿಲು ತೆಗೆಯಬೇಡ. ಎರಡೂ ಹತ್ತಿದ್ದರೂ ತೆಗೆಯಬೇಡ. ಹಳದಿಗೆ ಹೊರಗಿನ ಸೈರನ್ ಕೊಡಲೇ ಇಲ್ಲ, ಒಳಗೆ ಸಣ್ಣ ಬಜರ್ ಅಷ್ಟೇ. ಲೈನ್ ಮನೆ ಪಕ್ಕದಲ್ಲಿ ನಿಂತ ಆನೆಯನ್ನು ಸದ್ದು ಮಾಡಿ ಕೆಣಕುವುದು ಬೇಡ ಅಂತ. ಕಳೆದ ಮಳೆಗಾಲದಲ್ಲಿ ಹಳದಿ ಹತ್ತಿದ ಒಂದು ರಾತ್ರಿ ಯಾರೂ ಹೊರಗೆ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಲೈನ್ ಮನೆ ಹಿಂದಿನ ಬಾಳೆ ಪೂರ್ತಿ ನೆಲಸಮ, ಮೆಟ್ಟಿಲ ಹತ್ತಿರವೇ ಲದ್ದಿ. ಆ ದಿನದಿಂದ ಯಜಮಾನರು ಖರ್ಚಿನ ಮಾತೇ ಎತ್ತಿಲ್ಲ.

ಖರ್ಚು ಅಂದರೆ, ನೆನಪಿದ್ದ ಹಾಗೆ, ಎರಡು ಪ್ಯಾನೆಲ್ ದೀಪ ನೂರೈವತ್ತು, ರಿಲೇಗಳು ಬೇಸ್ ಸಮೇತ ಐನೂರು, ಬಟನ್, ಬಜರ್, ಪಿವಿಸಿ ಪೆಟ್ಟಿಗೆ ಇನ್ನೊಂದು ನಾನೂರು. ಬ್ಯಾಟರಿ ಹಳೆಯದು, ಚಾರ್ಜರ್‌ಗೆ ಆರುನೂರು ಕೊಟ್ಟೆ. ಕೇಬಲ್ ಬಿಟ್ಟು ಎರಡು ಸಾವಿರದೊಳಗೆ ಮುಗಿಯಿತು. ಕೂಲಿ ಬೇರೆ.

ನಡುವೆ ಬೇರೆ ಕೆಲವು ಪ್ರಯೋಗವೂ ನಡೆಯಿತು. ಗೋಡೌನ್ ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ ಹಾಕಿ ಅಲಾರಂ ಇನ್‌ಗೆ ಕೊಟ್ಟೆ, ಅದು ಚಿನ್ನದಂಥ ಕೆಲಸ. ಮೆಣಸು ಒಣಗಿಸುವ ಜಾಗದ ಸುತ್ತ ಕೂದಲೆಳೆಯ ತಾಮ್ರದ ತಂತಿ ಕಟ್ಟಿ, ಕಡಿದರೆ ಅಲಾರಂ ಆಗುವಂತೆ ಎನ್‌ಸಿ ಇಟ್ಟೆ. ಕೋಳಿಗಳೇ ಕಡಿದು ಹಾಕಿದವು, ಬಿಚ್ಚಿದೆ. ಸೋಲಾರ್ ಬೇಲಿಯಿಂದ ನೇರ ಅಲಾರಂ ಇನ್‌ಗೆ ವೈರ್ ತರೋಣ ಅಂತ ಒಬ್ಬರು ಹೇಳಿದರು. ಬೇಲಿಯಲ್ಲಿ ಓಡುವುದು ಸಾವಿರಗಟ್ಟಲೆ ವೋಲ್ಟ್‌ನ ಪಲ್ಸ್, ಆ ಕೆಲಸಕ್ಕೆ ಯಾರೂ ಕೈ ಹಾಕಬೇಡಿ. ಅಲಾರಂ ಔಟ್ ಇಲ್ಲದ ಸಣ್ಣ ರೆಕಾರ್ಡರ್ ಒಂದಕ್ಕೆ ಒಳಗಿನ ಬಜರ್‌ನ ಎರಡು ಕಾಲಿನಿಂದ ಪಿಸಿ 817 ಆಪ್ಟೋ (ಬೆಳಕಿನಿಂದ ಸುದ್ದಿ ದಾಟಿಸುವ ಚಿಪ್) ಮತ್ತು ಬಿಸಿ 547 ಟ್ರಾನ್ಸಿಸ್ಟರ್ ಮೂಲಕ ರಿಲೇ ಎಳೆಸಿದ್ದೂ ಆಯಿತು. ವಾರಂಟಿ ಮುಗಿದ ಸೆಟ್ ಆದ್ದರಿಂದ ಧೈರ್ಯ ಮಾಡಿದೆ. ಮೆನುವಿನಲ್ಲಿ ಹಾರ್ಡ್ ಡಿಸ್ಕ್ ದೋಷದ ಬೀಪ್ ಆಫ್ ಮಾಡಿಡದಿದ್ದರೆ ಅದಕ್ಕೂ ದೀಪ ಹತ್ತುತ್ತದೆ, ನೋಡಿಕೊಳ್ಳಿ.

ಮಳೆಗಾಲದ ತೇವಕ್ಕೆ ಟರ್ಮಿನಲ್ ಹಸಿರು ಕಟ್ಟುತ್ತದೆ. ಸ್ಕ್ರೂ ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ, ವೈರ್ ಒಳ ಬರುವ ತೂತನ್ನು ಪೆಟ್ಟಿಗೆಯ ಕೆಳಬದಿಗೆ ಇಟ್ಟು ಎಂಸೀಲ್ ಮೆತ್ತಿ. ಇಲ್ಲದಿದ್ದರೆ ಇರುವೆ ಮನೆ ಮಾಡಿಕೊಂಡು ರಿಲೇ ಕಾಂಟ್ಯಾಕ್ಟ್ ನಡುವೆಯೇ ಸಾಯುತ್ತವೆ.

ಈಗ ಪೊನ್ನಂಪೇಟೆ ಕಡೆಯ ಇನ್ನೊಂದು ತೋಟದಿಂದ ಕರೆ ಬಂದಿದೆ. ಅಲ್ಲಿ ಲೈನ್ ಮನೆ ಮುನ್ನೂರು ಮೀಟರ್ ಆಚೆ, ನಡುವೆ ತೋಡು (ಸಣ್ಣ ಹಳ್ಳ) ಬೇರೆ. ಅಷ್ಟು ದೂರಕ್ಕೆ 8 ಪಿನ್ ರಿಲೇ ನಂಬುವ ಹಾಗಿಲ್ಲ, ಒಂದೇ ಜೋಡಿಯಲ್ಲಿ ನಾಲ್ಕು ವೋಲ್ಟ್ ಹತ್ತಿರ ಹೋಗುತ್ತದೆ. ಲೈನ್ ಮೇಲೆ 30 ಮಿಲಿ ಆಂಪಿಯರ್ ಎಳೆಯುವ ಸಣ್ಣ ರಿಲೇ ಇಟ್ಟು, ಅದರಿಂದ ದೊಡ್ಡದನ್ನು ಎಳೆಸುವ ಪೆಟ್ಟಿಗೆ ಬೆಂಚಿನ ಮೇಲೆ ತಯಾರಾಗಿದೆ. ತೋಡು ದಾಟಿಸಲು ಕಂಬ ನೆಡುವುದಷ್ಟೇ ಬಾಕಿ.