ಕಾರ್ಡ್ ಖಾಲಿ ಅಂತ ತೋರಿಸಿದರೆ ಮೊದಲು ಕ್ಯಾಮೆರಾ ಆಫ್ ಮಾಡಿ

ಫೋಟೊ ಕಾಣಿಸ್ತಿಲ್ಲ ಅಂತ ಗೊತ್ತಾದ ಕೂಡಲೇ ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ಹೊರಗೆ ತೆಗೆಯಿರಿ. ಅದರ ಎಡಗಡೆ ಅಂಚಿನಲ್ಲಿರುವ ಪುಟ್ಟ ಲಾಕ್ ಕೆಳಕ್ಕೆ ಜಾರಿಸಿ, ಆಗ ಕಾರ್ಡ್‌ಗೆ ಹೊಸದೇನೂ ಬರೆಯಲಾಗಲ್ಲ. ಉಳಿದದ್ದೆಲ್ಲ ಆಮೇಲೆ.

ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯೋದು ನನ್ನ ಕೆಲಸ. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಈ ಕೆಲಸದ ಹುಡುಗರು ಫೋನ್ ಮಾಡಿ, "ಅಣ್ಣಾ, ಕಾರ್ಡ್‌ನಾಗೆ ಒಂದು ಫೋಟೊನೂ ಇಲ್ಲ" ಅಂದಾಗ ನಾನು ಮೊದಲು ಕೇಳೋದು ಒಂದೇ: "ಆಮೇಲೆ ಏನು ಮಾಡಿದೆ?" ಬರುವ ಉತ್ತರದ ಮೇಲೆಯೇ ಎಲ್ಲ ನಿಂತಿರುತ್ತದೆ. "ಸರಿ ಇದೆಯೋ ಇಲ್ವೋ ಅಂತ ಇನ್ನೊಂದಿಷ್ಟು ಫೋಟೊ ಹೊಡೆದು ನೋಡಿದೆ", "ಫಾರ್ಮ್ಯಾಟ್ ಮಾಡಬೇಕು ಅಂತ ಕಂಪ್ಯೂಟರ್ ಕೇಳ್ತು, ಓಕೆ ಕೊಟ್ಟೆ". ಡಿಲೀಟ್ ಆದ ಕ್ಷಣಕ್ಕಿಂತ ಅದರ ನಂತರದ ಅರ್ಧ ಗಂಟೆಯ ಗಾಬರಿಯೇ ಹೆಚ್ಚು ಫೋಟೊ ತಿಂದುಹಾಕುತ್ತದೆ.

ಯಾಕೆ ಅಂತ ತಿಳಿದುಕೊಂಡರೆ ಕೈ ತಾನಾಗಿ ತಡೆಯುತ್ತದೆ. ಕಾರ್ಡ್‌ನ ಶುರುವಿನಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಫೋಟೊ ಎಲ್ಲಿದೆ ಅನ್ನೋದು ಅದರಲ್ಲಿ ದಾಖಲಾಗಿರುತ್ತದೆ. ಡಿಲೀಟ್ ಕೊಟ್ಟಾಗ, ಸಾಮಾನ್ಯವಾಗಿ ಫಾರ್ಮ್ಯಾಟ್ ಕೊಟ್ಟಾಗಲೂ, ಹೋಗೋದು ಆ ದಾಖಲೆ ಮಾತ್ರ. ಪಹಣಿಯಿಂದ ಹೆಸರು ತೆಗೆದರೆ ಹೊಲದಲ್ಲಿರೋ ಬೆಳೆ ಮಾಯವಾಗಲ್ಲ, ಇನ್ನೊಬ್ಬರು ಬಂದು ಉಳುವ ತನಕ ಅಲ್ಲೇ ಇರುತ್ತದೆ. ನೀವು ಹೊಡೆಯುವ ಹೊಸ ಫೋಟೊ ಒಂದೊಂದೂ ಆ ಉಳುಮೆ. ಕ್ಯಾನನ್ ಮೆನುವಿನಲ್ಲಿ 'ಲೋ ಲೆವೆಲ್ ಫಾರ್ಮ್ಯಾಟ್' ಅಂತ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ ಫಾರ್ಮ್ಯಾಟ್ ಕೊಟ್ಟಿದ್ದರೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಇನ್ನು, ಫೋಟೊ ನಿಜವಾಗಿ ಹೋಗಿದೆಯಾ ಅಂತ ನೋಡಿ. ಎರಡು ಸ್ಲಾಟ್ ಇರುವ ಕ್ಯಾಮೆರಾ ಆದರೆ ಎರಡನೇ ಕಾರ್ಡ್ ನೋಡಿ. ಕಾರ್ಡ್ ರೀಡರ್ ಬದಲಿಸಿ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳು ಎಸ್‌ಡಿಎಕ್ಸ್‌ಸಿ ಜಾತಿಯವು. ಹಳೆ ರೀಡರ್‌ಗೆ ಅವು ಅರ್ಥವಾಗದೆ, ಚೆನ್ನಾಗಿರೋ ಕಾರ್ಡನ್ನೂ ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಆ ಪ್ರಶ್ನೆಗೆ ಯಾವತ್ತೂ ಕ್ಯಾನ್ಸಲ್. ಸೋನಿ ಕ್ಯಾಮೆರಾದವರು ಇನ್ನೊಂದು ನೆನಪಿಡಿ: ಫೈಲ್‌ಗಳು ಕಂಪ್ಯೂಟರ್‌ನಲ್ಲಿ ಕಂಡು ಕ್ಯಾಮೆರಾದಲ್ಲಿ ಮಾತ್ರ ಕಾಣದಿದ್ದರೆ ಕ್ಯಾಮೆರಾ ಇಟ್ಟುಕೊಳ್ಳುವ ಫೋಟೊ ಪಟ್ಟಿ, ಅಂದರೆ ಡೇಟಾಬೇಸ್, ಕೆಟ್ಟಿರಬಹುದು. ಮೊದಲು ಫೈಲ್‌ಗಳನ್ನೆಲ್ಲ ಕಾಪಿ ಮಾಡಿಕೊಂಡು, ಆಮೇಲೆ ಮೆನುವಿನಲ್ಲಿರುವ 'ರಿಕವರ್ ಇಮೇಜ್ ಡಿಬಿ' ಕೊಡಿ.

ಕಂಪ್ಯೂಟರ್ ಬಲ್ಲ ಗೆಳೆಯರು ಯಾರಾದರೂ 'ಚೆಕ್‌ಡಿಸ್ಕ್ ಹಾಕೋಣ' ಅಂದರೆ ಬೇಡ ಅನ್ನಿ. ಅದು ಕಾರ್ಡ್ ಮೇಲೆಯೇ ಬರೆದು ರಿಪೇರಿ ಮಾಡುತ್ತದೆ. ನಮಗೆ ಬೇಕಿರೋದು ಫೋಟೊ, ಕಾರ್ಡ್ ಅಲ್ಲ.

ಈಗ ಕೆಲಸ. ಮೊದಲು ಇಡೀ ಕಾರ್ಡ್‌ನ ಒಂದು ನಕಲು ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ 'ವಿನ್ 32 ಡಿಸ್ಕ್ ಇಮೇಜರ್' ಅನ್ನೋ ಉಚಿತ ತಂತ್ರಾಂಶ ಸಾಕು. ಕಾರ್ಡ್ ಆರಿಸಿ, ಫೈಲ್‌ಗೆ ಹೆಸರು ಕೊಟ್ಟು 'ರೀಡ್' ಒತ್ತಿ. ಪಕ್ಕದಲ್ಲೇ 'ರೈಟ್' ಬಟನ್ ಇದೆ, ಅದನ್ನು ಒತ್ತಿದರೆ ಕಥೆ ಮುಗಿಯಿತು. ಲಾಕ್ ಜಾರಿಸಿ ಅಂದದ್ದು ಇಂಥದ್ದಕ್ಕೂ ಸೇರಿಯೇ. ಮೈಕ್ರೊ ಎಸ್‌ಡಿಗೆ ಲಾಕ್ ಇರಲ್ಲ, ಲಾಕ್ ಇರುವ ಅಡಾಪ್ಟರ್‌ನಲ್ಲಿ ಹಾಕಿಕೊಳ್ಳಿ. 64 ಜಿಬಿ ಕಾರ್ಡ್ ಆದರೆ ಹಾರ್ಡ್ ಡಿಸ್ಕ್‌ನಲ್ಲೂ ಅಷ್ಟೇ ಜಾಗ ಬೇಕು. ಮಧ್ಯೆ ಮಧ್ಯೆ ಓದೋಕೆ ತಿಣುಕಾಡುವ ಕಾರ್ಡ್‌ಗೆ ಲಿನಕ್ಸ್‌ನ 'ಡಿಡಿರೆಸ್ಕ್ಯೂ' ಮೇಲು. ಓದಲಾಗದ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬಂದು ಅದನ್ನು ಮತ್ತೆ ಪ್ರಯತ್ನಿಸುತ್ತದೆ.

ಆ ನಕಲಿನ ಮೇಲೆ 'ಫೋಟೊರೆಕ್' ಓಡಿಸಿ. ಕ್ರಿಸ್ಟೋಫ್ ಗ್ರೆನಿಯರ್ ಬರೆದ ಉಚಿತ ತಂತ್ರಾಂಶ ಇದು, 'ಟೆಸ್ಟ್‌ಡಿಸ್ಕ್' ಅನ್ನೋ ಇನ್ನೊಂದು ತಂತ್ರಾಂಶದ ಜೊತೆಗೇ ಬರುತ್ತದೆ. ದುಡ್ಡು ಕೊಟ್ಟು ಬೇರೆ ಕೊಳ್ಳುವ ಮುಂಚೆ ಇದನ್ನು ನೋಡಿ ಅಂತ ಎಲ್ಲರಿಗೂ ಹೇಳ್ತೀನಿ. ಪಟ್ಟಿ ಅಳಿಸಿಹೋಗಿದ್ದರೂ ಇದಕ್ಕೆ ಚಿಂತೆಯಿಲ್ಲ. ಪ್ರತಿ ಜೆಪೆಗ್ ಫೈಲೂ ಎಫ್‌ಎಫ್ ಡಿ8 ಅನ್ನೋ ಗುರುತಿನಿಂದ ಶುರುವಾಗುತ್ತದೆ, ಆ ಗುರುತು ಹುಡುಕಿಕೊಂಡು ಹೋಗುತ್ತದೆ. ಬಟನ್‌ಗಳಿರುವ ರೂಪ ಬೇಕಿದ್ದರೆ ಅದೇ ಫೋಲ್ಡರ್‌ನ 'ಕ್ಯೂಫೋಟೊರೆಕ್' ತೆರೆದು, ನಿಮ್ಮ ನಕಲಿನ ಫೈಲ್ ಸೇರಿಸಿ. ಫೈಲ್ ಬಗೆಗಳಲ್ಲಿ ಜೆಪಿಜಿ ಜೊತೆ 'ಟಿಫ್'ಗೂ ಟಿಕ್ ಇರಲಿ. ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್2 ಥರದ ರಾ ಫೈಲ್‌ಗಳು (ಕ್ಯಾಮೆರಾದ ಕಚ್ಚಾ ಫೋಟೊ) ಅದರ ಅಡಿಯಲ್ಲೇ ಬರುತ್ತವೆ. ಡಿಲೀಟ್ ಆಗಿದ್ದಷ್ಟೇ ಆದರೆ 'ಫ್ರೀ' (ಖಾಲಿ ಜಾಗ ಮಾತ್ರ), ಕಾರ್ಡೇ ಕೆಟ್ಟಿದ್ದರೆ 'ಹೋಲ್' (ಇಡೀ ಕಾರ್ಡ್) ಆರಿಸಿ. ಸಿಕ್ಕ ಫೋಟೊ ಕಂಪ್ಯೂಟರ್‌ನಲ್ಲೇ ಉಳಿಸಿ, ಅದೇ ಕಾರ್ಡ್‌ಗೆ ಅಲ್ಲ.

ಹೊರಬರುವ ಫೋಟೊಗಳಿಗೆ ಹಳೆ ಹೆಸರು ಇರಲ್ಲ; ಅರಿಶಿನ ಶಾಸ್ತ್ರ, ಧಾರೆ, ರಿಸೆಪ್ಷನ್ ಎಲ್ಲ ಕಲಸಿಕೊಂಡಿರುತ್ತವೆ. ತೆಗೆದ ದಿನಾಂಕ, ಸಮಯ ಫೋಟೊ ಒಳಗೇ ಇರುತ್ತದೆ, ಅದರ ಪ್ರಕಾರ ಜೋಡಿಸಿದರೆ ಸಾಲಾಗಿ ನಿಲ್ಲುತ್ತವೆ. ಕ್ಯಾಮೆರಾ ಗಡಿಯಾರ ಸರಿ ಇಡಿ ಅಂತ ನಾನು ಗೋಗರೆಯೋದು ಅದಕ್ಕೇ.

ವಿಡಿಯೊ ಕಷ್ಟದ್ದು. ದೊಡ್ಡ ಫೈಲ್ ತುಂಡು ತುಂಡಾಗಿ ಕೂತಿದ್ದರೆ ಫೋಟೊರೆಕ್‌ಗೆ ಜೋಡಿಸೋಕೆ ಬರಲ್ಲ. ರೆಕಾರ್ಡಿಂಗ್ ಮಧ್ಯೆ ಬ್ಯಾಟರಿ ಹೋಗಿ ಫೈಲ್ ಇದ್ದೂ ಓಡದಿದ್ದರೆ 'ಅನ್‌ಟ್ರಂಕ್' ಅನ್ನೋ ತಂತ್ರಾಂಶ ಪ್ರಯತ್ನಿಸಿ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಚೆನ್ನಾಗಿರೋ ಒಂದು ವಿಡಿಯೊ ಮಾದರಿಗೆ ಕೊಡಬೇಕು.

ಕಾರ್ಡ್ ಹಾಕಿದ್ದೇ ಕಂಪ್ಯೂಟರ್‌ಗೆ ಗೊತ್ತಾಗದಿದ್ದರೆ ತಂತ್ರಾಂಶದ ಕೈಗೆ ಅದು ಸಿಗಲ್ಲ. ಚಿಪ್ಪಿನಿಂದ ನೇರ ಓದುವ ಲ್ಯಾಬ್‌ಗೇ ಕೊಡಬೇಕು, ಖರ್ಚು ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ಮತ್ತೆ ಹೀಗಾಗದ ಹಾಗೆ ನೋಡಿಕೊಳ್ಳೋದು ಹೇಗೆ? ಅರ್ಧ ರೇಟಿಗೆ ಸಿಕ್ಕಿತು ಅಂತ ಬಿಲ್ ಇಲ್ಲದ ಕಾರ್ಡ್ ತರಬೇಡಿ. ನಕಲಿ ಕಾರ್ಡ್‌ನಲ್ಲಿ 128 ಜಿಬಿ ಅಂತ ತೋರಿಸಿದರೂ ಒಳಗಿರೋ ಜಾಗ ಅದರ ಚೂರು ಮಾತ್ರ. ಅದು ತುಂಬಿದ ಮೇಲೆ ತೆಗೆದ ಫೋಟೊಗಳಿಗೆ ಜಾಗವೇ ಇರಲ್ಲ, ಹಾಗಾಗಿ ರಿಕವರಿಯೂ ಇಲ್ಲ. ಹೊಸ ಕಾರ್ಡ್ ಯಾವುದೇ ಇರಲಿ, ಮದುವೆಗೆ ಒಯ್ಯುವ ಮುಂಚೆ 'ಎಚ್2ಟೆಸ್ಟ್‌ಡಬ್ಲ್ಯು' ಅನ್ನೋ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಓದಿಸಿ ನೋಡಿ, ಲಿನಕ್ಸ್‌ನವರಿಗೆ 'ಎಫ್3' ಇದೆ. ಇಷ್ಟು ಮಾಡೋರು ಕಡಿಮೆ, ಅದೇ ನನಗೆ ಬೇಜಾರು.

ನಾಯಕನಹಟ್ಟಿ ತೇರು ಹೊರಟಾಗ ಒಂದೇ ಸಮನೆ ಹೊಡೆದು, ಕಾರ್ಡ್ ತುಂಬಿತು ಅಂತ ತಕ್ಷಣ ಕಿತ್ತುಕೊಳ್ಳೋರನ್ನು ನೋಡಿದ್ದೇನೆ. ಕ್ಯಾಮೆರಾದಲ್ಲಿ ಕಾರ್ಡ್‌ಗೆ ಬರೆಯುವಾಗ ಉರಿಯುವ ಪುಟ್ಟ ದೀಪ ಆರುವ ತನಕ ಕಾಯಲೇಬೇಕು. ಅದು ಉರಿಯುವಷ್ಟು ಹೊತ್ತೂ ಕಾರ್ಡ್‌ಗೆ ಬರೆಯುತ್ತಲೇ ಇರುತ್ತದೆ, ಆಗ ಕಿತ್ತರೆ ಕೊನೆಯ ಫೋಟೊ ಜೊತೆ ಇಡೀ ಪಟ್ಟಿ ಹೋಗಬಹುದು. ಬ್ಯಾಟರಿ ಕೊನೆಯ ಗೆರೆಗೆ ಬಂದಾಗಲೂ ಇದೇ ಅಪಾಯ, ಬದಲಿಸಿಬಿಡಿ.

ಎರಡು ಸ್ಲಾಟ್ ಇದ್ದರೆ ಒಂದು ತುಂಬಿದ ಮೇಲೆ ಇನ್ನೊಂದು ಅಂತ ಇಡಬೇಡಿ. ಎರಡಕ್ಕೂ ಒಟ್ಟಿಗೆ ಬರೆಯುವ ಹಾಗೆ ಇಡಿ. ಕಂಪ್ಯೂಟರ್‌ನಲ್ಲಿ ಕಾರ್ಡ್ ತೆರೆದು ಅಲ್ಲೇ ಡಿಲೀಟ್ ಮಾಡುವ ರೂಢಿ ಬಿಡಿ, ಫಾರ್ಮ್ಯಾಟ್ ಯಾವತ್ತೂ ಬಳಸುವ ಕ್ಯಾಮೆರಾದಲ್ಲೇ ಆಗಲಿ. ಅದೂ ಮೂರು ಪ್ರತಿ ಆದ ಮೇಲೆ: ಸ್ಟುಡಿಯೊ ಕಂಪ್ಯೂಟರ್‌ನಲ್ಲಿ ಒಂದು, ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಮನೆಯಲ್ಲೋ ಕ್ಲೌಡ್‌ನಲ್ಲೋ ಇನ್ನೊಂದು. ಛತ್ರದಿಂದ ರಾತ್ರಿ ಎಷ್ಟೇ ಹೊತ್ತಿಗೆ ಬಂದರೂ ಮೊದಲ ಪ್ರತಿ ಆಗದೆ ನಾನು ಮಲಗಲ್ಲ. ಆ ಮನೆಯ ಅಜ್ಜಿ ಮುಂದಿನ ಮದುವೆಗೆ ಇರ್ತಾರೋ ಇಲ್ಲವೋ, ಅವರು ಅಕ್ಷತೆ ಹಾಕಿದ ಫೋಟೊ ಇದೊಂದೇ ಆಗಿರಬಹುದು.

ಏನು ಮಾಡಿದರೂ ಫೋಟೊ ಸಿಗಲಿಲ್ಲ ಅನ್ನಿ. ಮನೆಯವರಿಗೆ ಅವತ್ತೇ ಹೇಳಿಬಿಡಿ. ಹದಿನೈದು ದಿನ ಮುಚ್ಚಿಟ್ಟರೆ ಅಷ್ಟರಲ್ಲಿ ನೆಂಟರು ಫೋನ್‌ನಲ್ಲಿರೋದನ್ನು ಅಳಿಸಿಬಿಟ್ಟಿರುತ್ತಾರೆ. ಬೇಗ ಕೇಳಿದರೆ ಧಾರೆ, ತಾಳಿ ಕಟ್ಟಿದ್ದು ಯಾರಾದರೊಬ್ಬರ ಬಳಿ ಇದ್ದೇ ಇರುತ್ತದೆ. ಅಳಿಸಿದ್ದರೂ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದ ಫೋಟೊ ಅದರ ಕಸದ ಬುಟ್ಟಿಯಲ್ಲಿ 60 ದಿನ ಉಳಿದಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸದೆ 'ಡಾಕ್ಯುಮೆಂಟ್' ಅಂತ ಕಳಿಸಲು ಹೇಳಿ. ಇಲ್ಲದಿದ್ದರೆ ಅದು ಫೋಟೊ ಕುಗ್ಗಿಸುತ್ತದೆ, ಆಲ್ಬಮ್‌ನ ದೊಡ್ಡ ಹಾಳೆಗೆ ಸಾಲುವುದಿಲ್ಲ.