ಹಟ್ಟಿಯ ಬೇಡಿಕೆ ನಡಾವಳಿ ಪುಸ್ತಕಕ್ಕೆ ಏರಬೇಕಾದರೆ

ಪಾವಗಡ, ಮಧುಗಿರಿ, ಶಿರಾ ಕಡೆಯ ನಾಯಕ ಸಮುದಾಯದ ಹಟ್ಟಿಗಳಲ್ಲಿ ಬೇಡಿಕೆಗಳಿಗೇನೂ ಬರವಿಲ್ಲ: ನೀರು, ರಸ್ತೆ, ನರ್ಸಮ್ಮ, ಬಸ್ಸು. ಶಾಸಕರ ಕಾರು ನಿಂತಾಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತೇವೆ. "ಆಯ್ತು, ನೋಡೋಣ" ಅಂತಾರೆ, ಹೋಗ್ತಾರೆ. ಕೆಲಸ ಆಗಬೇಕಾದರೆ ಒಂದೇ ಬೇಡಿಕೆ ಹಿಡಿದು ಅದನ್ನು ಕಾಗದಕ್ಕೆ ಇಳಿಸಬೇಕು. ನಮ್ಮ ಸೀಮೆಯ ಹಳೆಯ ಗೋಳು ಬೋರಿನ ನೀರಿನಲ್ಲಿ ಕರಗಿ ಬಂದು ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್, ಅದನ್ನೇ ತೆಗೆದುಕೊಳ್ಳೋಣ.

ಮೊದಲ ಕೆಲಸ ನೀರಿನ ಪರೀಕ್ಷೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಬಗ್ಗದ ಸೊಂಟ ಕಂಡರೆ ಅನುಮಾನ ಬರಬೇಕು. ಆದರೆ ಅನುಮಾನ ಹೇಳಿಕೊಂಡರೆ ಕಚೇರಿ ಅಲುಗುವುದಿಲ್ಲ, ವರದಿ ಬೇಕು. ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರಿನ ಮೋಟಾರು ಹಾಕಿ ಸ್ವಲ್ಪ ಹೊತ್ತು ನೀರು ಹರಿಯಲು ಬಿಡಿ. ಅದೇ ನೀರನ್ನು ಬಾಟಲಿಗೆ ಹಾಕಿ ಎರಡು ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ತುಂಬಿಸಿ. ಯಾವ ಬೋರು, ಯಾವ ದಿನ ಎಂದು ಚೀಟಿ ಅಂಟಿಸಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ವಿನಾಯಿತಿ. "ಕಾಯಿಸಿ ಕುಡೀರಿ" ಎಂದು ಯಾರಾದರೂ ಸಾಗಹಾಕಿದರೆ ನಂಬಬೇಡಿ. ಕಾಯಿಸಿದರೆ ಆವಿಯಾಗುವುದು ನೀರೇ ಹೊರತು ಫ್ಲೋರೈಡ್ ಅಲ್ಲ.

ಇನ್ನು ವಾರ್ಡ್ ಸಭೆ, ಅಂದರೆ ಒಂದು ವಾರ್ಡಿನ ಮತದಾರರೆಲ್ಲ ಸೇರುವ ಸಭೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಇದು ನಡೆಯಬೇಕು. ಹಗಲು ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋದವರು ಯಾರೂ ಇರುವುದಿಲ್ಲ. ಸಂಜೆ, ಹಟ್ಟಿಯಲ್ಲೇ ಇಡಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಮುಂಚೆಯೇ ಬರೆದುಕೊಡಿ. ಕೊಡ ಹೊರುವ ಹೆಂಗಸರೇ ಮಾತಾಡಲಿ. ಪಾವಗಡದ ಕಡೆ ಹಿರಿಯರಿಗೆ ತೆಲುಗೇ ಸಲೀಸಾದರೆ ತೆಲುಗಿನಲ್ಲೇ ಹೇಳಲಿ. ನಡಾವಳಿ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಮಾತ್ರ ಗಟ್ಟಿಯಾಗಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. "ನೀರಿನ ಸಮಸ್ಯೆ ಚರ್ಚಿಸಲಾಯಿತು" ಎಂಬ ಸಾಲಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಯಾವ ಬೋರು, ವರದಿಯಲ್ಲಿ ಎಷ್ಟು ಬಂದಿದೆ, ಶುದ್ಧ ನೀರಿನ ಘಟಕವೋ ಬೇರೆ ಮೂಲದ ಪೈಪೋ, ಎಲ್ಲವೂ ಠರಾವಿನಲ್ಲಿ, ಅಂದರೆ ಸಭೆಯ ನಿರ್ಣಯದಲ್ಲಿ, ಇರಬೇಕು. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಆಶಾ ಕಾರ್ಯಕರ್ತೆ ಇರುವ ಗ್ರಾಮ ಆರೋಗ್ಯ ಸಮಿತಿಯನ್ನೂ ಮರೆಯಬೇಡಿ. ಅದರ ಹಣದಲ್ಲಿ ಘಟಕ ಕಟ್ಟಲಾಗದು, ಆದರೆ ಹಲ್ಲು, ಮೂಳೆ ತೊಂದರೆ ಇರುವವರ ಪಟ್ಟಿ ಸಮಿತಿಯಿಂದ ಬಂದರೆ ಅರ್ಜಿಗೆ ತೂಕ. ನೀರಲ್ಲ, ನರ್ಸಮ್ಮ ಇರುವ ಆರೋಗ್ಯ ಉಪಕೇಂದ್ರ ಬೇಕೆನ್ನುವವರು ಜನಸಂಖ್ಯೆ ತೋರಿಸಬೇಕು: ಬಯಲಿನಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೆ ಒಂದು ಎಂಬುದು ಮಾನದಂಡ.

ಠರಾವು ಮತ್ತು ವರದಿಯ ಪ್ರತಿ ಸೇರಿಸಿ ಪಂಚಾಯಿತಿಗೆ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಟಪಾಲು ವಿಭಾಗದಿಂದ ಕದಲಬೇಡಿ.

ಕಚೇರಿಯಿಂದ ಹಿಂಬರಹವೂ (ಲಿಖಿತ ಉತ್ತರ) ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಬೇಡ. "ಯಾಕೆ ಮಾಡಿಲ್ಲ" ಎಂದು ಜಗಳ ತೆಗೆಯಬೇಡಿ. ನಿಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ. ಈ ಎಲ್ಲ ಕಾಗದಗಳ ನಿಮ್ಮ ಕಡತ ಮಾತ್ರ ಬೆಂಗಳೂರಿಗೆ ಕೂಲಿಗೆ ಹೋಗಿಬರುವವರ ಮನೆಯಲ್ಲಿ ಬೇಡ, ವರ್ಷಪೂರ್ತಿ ಹಟ್ಟಿಯಲ್ಲೇ ಇರುವವರ ಕೈಯಲ್ಲಿರಲಿ.