ಕಾರು ಕೊಳ್ಳುವ ಮುನ್ನ ಅದರ ಮೈಕಟ್ಟನ್ನು ಓದುವ ಬಗೆ

ಭತ್ತದ ಹಣ ಕೈಸೇರಿದ ಮೇಲೆ ಸಿರುಗುಪ್ಪ, ಕಂಪ್ಲಿ ಕಡೆಯಿಂದ ಬಳ್ಳಾರಿಗೆ ಕಾರು ನೋಡಲು ಬರುವವರು ಬಣ್ಣ, ಮೈಲೇಜು, ಸನ್‌ರೂಫುಗಳ ಮಾತಿನಲ್ಲೇ ಮುಂಗಡ ಕಟ್ಟಿಬಿಡುವುದನ್ನು ಕಂಡಿದ್ದೇನೆ. ಕಾರಿನ ಆಕಾರವನ್ನು ತೆರಿಗೆ, ಸುರಕ್ಷತಾ ನಿಯಮ ಮತ್ತು ತಯಾರಿಕೆಯ ಖರ್ಚು ಸೇರಿ ತಿದ್ದಿರುತ್ತವೆ. ಆ ಗುರುತುಗಳನ್ನು ಹುಡುಕಲು ಅರ್ಧ ಗಂಟೆ ಸಾಕು.

ಮೊದಲು ಮಾಹಿತಿ ಪತ್ರದಲ್ಲಿ ಉದ್ದವನ್ನು ನೋಡಿ. 3,995 ಮಿ.ಮೀ. ಎಂಬ ಅಂಕಿ ಹಲವು ಕಂಪನಿಗಳ ಕಾರುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. 2006ರಿಂದ ನಮ್ಮಲ್ಲಿ ನಾಲ್ಕು ಮೀಟರ್ ಮೀರದ, 1,200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1,500 ಸಿಸಿ ಒಳಗಿನ ಡೀಸೆಲ್ ಎಂಜಿನ್ ಇರುವ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ. 18, ಈ ಮಿತಿ ದಾಟಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಕೆಲವು ಸೆಡಾನ್‌ಗಳ ಹಿಂಭಾಗ ಕತ್ತರಿಸಿದಂತೆ ಮೊಟಕಾಗಿರುವುದಕ್ಕೆ ಕಾರಣ ಇದೇ. ಹೀಗೆ ಉಳಿಸಿದ ಉದ್ದ ಎಲ್ಲಿ ಕಡಿತವಾಗಿದೆ ಎಂದು ತಿಳಿಯಲು ಹಿಂದಿನ ಸೀಟಿನಲ್ಲಿ ಮನೆಯ ಎತ್ತರದವರನ್ನೇ ಕೂರಿಸಿ, ಮೊಣಕಾಲಿಗೆ ಎಷ್ಟು ಜಾಗ ಸಿಗುತ್ತದೆಂದು ನೋಡಿ.

ಎರಡನೆಯದಾಗಿ, ಕಾನೂನಿನ ಕನಿಷ್ಠ ಮಟ್ಟವನ್ನೂ ಸುರಕ್ಷತಾ ನಕ್ಷತ್ರಗಳನ್ನೂ ಬೇರೆಬೇರೆಯಾಗಿ ತೂಗಿರಿ. ಮಾರಾಟಕ್ಕೆ ಬರುವ ಕಾರು ಗಂಟೆಗೆ 56 ಕಿ.ಮೀ. ವೇಗದಲ್ಲಿ ನಡೆಯುವ ಮುಂಭಾಗದ ಅಪ್ಪಳಿಕೆ ಪರೀಕ್ಷೆಯನ್ನು ದಾಟಲೇಬೇಕು. ಕಾರುಗಳನ್ನು ಅಪ್ಪಳಿಸಿ ನೋಡಿ ನಕ್ಷತ್ರ ಕೊಡುವ, 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಸ್ವಯಂಪ್ರೇರಿತವಾದದ್ದು. ಅದರಲ್ಲಿ ವೇಗ 64 ಕಿ.ಮೀ. ವ್ಯತ್ಯಾಸ ಎಂಟೇ ಕಿಲೋಮೀಟರ್ ಎನಿಸಿದರೂ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು ಶೇ. 30ರಷ್ಟು ಹೆಚ್ಚು. ಆ ಹೊಡೆತವನ್ನು ಮೂತಿಯ ಭಾಗ ನಜ್ಜುಗುಜ್ಜಾಗಿ ನುಂಗಬೇಕು, ಜನ ಕೂರುವ ಗೂಡು ಮಾತ್ರ ಬಾಗದೆ ನಿಲ್ಲಬೇಕು. ಅದಕ್ಕೆ ಬೇಕಾದ ಗಟ್ಟಿ ಉಕ್ಕು ದುಬಾರಿ, ಬಣ್ಣದಡಿ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಅಂಕಪಟ್ಟಿಯನ್ನೇ ನೋಡಬೇಕು. ದೊಡ್ಡವರ ರಕ್ಷಣೆಗೆ ಒಟ್ಟು 32 ಅಂಕ, ಮಕ್ಕಳ ರಕ್ಷಣೆಗೆ 49. ಎರಡನ್ನೂ ಕೇಳಿ ಪಡೆಯಿರಿ.

ಆದರೆ ಈ ಪರೀಕ್ಷೆಗೆ ಒಂದು ಮಿತಿಯಿದೆ, ಅದು ನಮ್ಮ ಕಡೆಯ ರಸ್ತೆಗಳಲ್ಲಿ ಪ್ರಾಣದ ಮಾತು. ಪರೀಕ್ಷೆಯ ತಡೆಗೋಡೆ ಕಾರಿನ ಮೂತಿಗೆ ಎದುರಾಗಿ ನಿಂತಿರುತ್ತದೆ. ಸಂಡೂರು ದಾರಿಯಲ್ಲಿ ನಿಂತ ಅದಿರು ಲಾರಿಯ ಹಿಂಭಾಗವಾದರೋ ಬಾನೆಟ್ಟಿಗಿಂತ ಮೇಲಿರುತ್ತದೆ. ಕಾರು ಅದರಡಿ ತೂರಿದರೆ ಹೊಡೆತ ನುಂಗಬೇಕಾದ ಭಾಗ ಕೆಳಗೇ ಹಾದುಹೋಗಿ, ಏಟು ನೇರವಾಗಿ ಗಾಜಿನ ಮೇಲೆ ಬೀಳುತ್ತದೆ. ಅಲ್ಲಿ ಐದು ನಕ್ಷತ್ರವನ್ನೂ ನೆಚ್ಚಿಕೊಳ್ಳಲಾಗದು. ಆದ್ದರಿಂದ ಪರೀಕ್ಷಾ ಚಾಲನೆಯನ್ನು ಕತ್ತಲಾದ ಮೇಲೆ ಕೇಳಿ, ಹೆಡ್‌ಲೈಟ್ ಬೆಳಕು ದೂಳಿನಲ್ಲಿ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ನೋಡಿ.

ಮೂರನೆಯದಾಗಿ, ಕಂಪನಿ ಎಲ್ಲಿ ಉಳಿಸಿದೆ ಎಂದು ಹುಡುಕಿ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಪ್ರಸ್ತಾಪ 2022ರಲ್ಲಿ ಬಂದು, ಮುಂದಿನ ವರ್ಷ ನಿಂತುಹೋಯಿತು. ಹಾಗಾಗಿ ಬದಿಯ ಏರ್‌ಬ್ಯಾಗ್ ಇದೆಯೇ ಎಂದು ನಾವೇ ನೋಡಿಕೊಳ್ಳಬೇಕು. ಅಕ್ಕನ ಮನೆಯವರೊಂದಿಗೆ ಷೋರೂಮಿಗೆ ಹೋಗಿದ್ದಾಗ ನಾವು ಮುಂದಿನ ಸೀಟಿನ ಹೊರಬದಿಯ ಹೊಲಿಗೆಯನ್ನು ಬೆರಳಿನಿಂದ ಸವರಿ, ಏರ್‌ಬ್ಯಾಗ್ ಎಂದು ಬರೆದ ಉಗುರಿನಷ್ಟು ಬಟ್ಟೆಯ ಪಟ್ಟಿಯನ್ನು ಹುಡುಕಿದೆವು. ಒಂದು ಮಾದರಿಯಲ್ಲಿ ಅದು ಸಿಕ್ಕಿತು, ಪಕ್ಕದಲ್ಲೇ ನಿಂತಿದ್ದ ಕಡಿಮೆ ಬೆಲೆಯದರಲ್ಲಿ ಇರಲಿಲ್ಲ. ಹಿಂದಿನ ಸೀಟಿನ ಸಂದಿಯಲ್ಲಿ ಕೈಯಿಟ್ಟರೆ ಮಕ್ಕಳ ಸೀಟು ಬಿಗಿಯುವ ಕಬ್ಬಿಣದ ಕೊಂಡಿಗಳು ತಾಗಬೇಕು. ಹಣ ಒಂದಕ್ಕೇ ಸಾಲುವುದಾದರೆ ಸನ್‌ರೂಫನ್ನು ಬಿಟ್ಟು ಬದಿಯ ಏರ್‌ಬ್ಯಾಗನ್ನೇ ಆರಿಸಿ. ಬಳ್ಳಾರಿಯ ಬಿಸಿಲಿಗೆ ಚಾವಣಿ ಮುಚ್ಚಿರುವುದೇ ಹಿತ.

ಕೊನೆಯದಾಗಿ, ಹೊರಗಿನ ಅಲಂಕಾರದಿಂದ ಈ ಏರ್ಪಾಡನ್ನು ಕೆಡಿಸಬೇಡಿ. ಮುಂದೆ ಹಾಕಿಸುವ ಕಬ್ಬಿಣದ ಗಾರ್ಡನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಕಾನೂನುಬಾಹಿರವೆಂದು ತಿಳಿಸಿದೆ; ಅದು ಹೊಡೆತವನ್ನು ಚಾಸಿಗೆ ನೇರವಾಗಿ ಸಾಗಿಸುತ್ತದೆ, ಏರ್‌ಬ್ಯಾಗಿನ ಸೆನ್ಸರನ್ನೂ ತಪ್ಪುದಾರಿಗೆ ಎಳೆಯಬಹುದು. ಸೀಟ್ ಕವರ್ ಹೊಲಿಸುವುದಾದರೆ ಆ ಬಟ್ಟೆಯ ಪಟ್ಟಿಯಿರುವ ಬದಿಯನ್ನು ತೆರೆದಿಡುವಂತೆ ಅಂಗಡಿಯವರಿಗೆ ತೋರಿಸಿಯೇ ಅಳತೆ ಕೊಡಿ.